ಹನ್ನೆರಡು ಪದರದ ದಿಬ್ಬ

ಹೊಲಿಗೆಗಳಲ್ಲಿ ಬಹುಪಾಲು ಸಂಕೋಚದ ಸ್ವಭಾವದವು. ಬಟ್ಟೆಯ ಒಳಮಗ್ಗುಲಲ್ಲಿ ಅಡಗಿ ಕೆಲಸ ಮಾಡುತ್ತವೆ, ಸ್ವಲ್ಪ ಸೊಟ್ಟಗಾದರೂ ಇಸ್ತ್ರಿ ಪೆಟ್ಟಿಗೆ ಅವುಗಳ ಮಾನ ಕಾಯುತ್ತದೆ. ಜೀನ್ಸ್ ಪ್ಯಾಂಟಿನ ಮೇಲ್ಹೊಲಿಗೆಗೆ ಈ ಸೌಲಭ್ಯವಿಲ್ಲ. ಅದನ್ನು ಕಡುನೀಲಿ ಬಟ್ಟೆಯ ಮೇಲೆ, ಕಿತ್ತಳೆ ಬಣ್ಣದ ದಪ್ಪ ದಾರದಲ್ಲಿ, ನಾಲ್ಕು ಜನ ನೋಡಲೆಂದೇ ಹಾಕಲಾಗುತ್ತದೆ. ಜೇಕಬ್ ಡೇವಿಸ್ ಎಂಬ ದರ್ಜಿಯೂ ಲೀವೈ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿಯೂ ಸೇರಿ, ಪ್ಯಾಂಟಿನ ಜೇಬಿನ ಮೂಲೆಗಳಿಗೆ ಲೋಹದ ರಿವೆಟ್ ಬಡಿಯುವ ಉಪಾಯಕ್ಕೆ ಅಮೆರಿಕದಲ್ಲಿ 1873ರ ಮೇ 20ರಂದು ಪೇಟೆಂಟ್ ಪಡೆದರು. ತಾಮ್ರದ ರಿವೆಟ್ಟಿಗೆ ಕಿತ್ತಳೆ ದಾರ ಚೆನ್ನಾಗಿಯೇ ಒಪ್ಪುತ್ತದೆ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ರಿವೆಟ್ ಬಡಿಯುವ ಸುತ್ತಿಗೆ ಮುಂದೆ ಹೊಲಿಯುವವರಿಗೂ ಬೇಕಾಗುತ್ತದೆಂದು ಯಾರಾದರೂ ಮೊದಲೇ ತಿಳಿಸಬಹುದಿತ್ತು.

ನಮ್ಮ ಮನೆಯಲ್ಲಿದ್ದು ಕಾಲೇಜಿಗೆ ಹೋಗುವ ಅಕ್ಕನ ಮಗ ಬಳ್ಳಾರಿಯಿಂದ ಒಂದು ಜೀನ್ಸ್ ತಂದಿದ್ದ. ಪ್ಯಾಂಟು ಅವನ ಕಾಲಿಗಿಂತ ನಾಲ್ಕು ಬೆರಳು ಉದ್ದವಿತ್ತು. "ಚಿಕ್ಕಮ್ಮ, ಉದ್ದ ಕಡಿಮೆ ಮಾಡಿಕೊಡು, ಆದರೆ ಕಡಿಮೆ ಮಾಡಿದ್ದು ಗೊತ್ತಾಗಬಾರದು" ಎಂದ. ಜೀನ್ಸ್ ಘಟಕಗಳಲ್ಲಿ ಅಂಚು ಮಡಿಸಲು ಒಂದು, ಜಾಯಿಂಟು ಕೂಡಿಸಲು ಇನ್ನೊಂದು, ಬೆಲ್ಟಿನ ಪಟ್ಟಿಗೆ ಮತ್ತೊಂದು ಎಂದು ಬೇರೆಬೇರೆ ಯಂತ್ರಗಳಿರುತ್ತವೆ. ನಮ್ಮಲ್ಲಿರುವುದು ರವಿಕೆ, ಲಂಗ, ದಿಂಬಿನ ಚೀಲಗಳ ನಡುವೆ ಸುಖವಾಗಿ ಬಾಳಿ ಬಂದ ಒಂದೇ ಒಂದು ಮಷಿನ್ನು.

ದಾರದ ಅಂಗಡಿಯವರು ನಾನು ಕೇಳಿದ ದಪ್ಪವನ್ನು ಕೇಳಿಸಿಕೊಂಡು, "ಏನಮ್ಮ, ಮೂಟೆ ಹೊಲಿಯುವುದಕ್ಕಾ?" ಎಂದರು. ಜೀನ್ಸಿಗೆ ಎಂದಾಗ ಅವರ ಮುಖದಲ್ಲಿ ಮೂಟೆಯೇ ವಾಸಿ ಎಂಬ ಭಾವ ಮೂಡಿತು. ಆದರೂ ಒಳ್ಳೆಯ ಮನಸ್ಸಿನಿಂದ 100/16 ಎಂದು ಬರೆದಿದ್ದ ಜೀನ್ಸ್ ಸೂಜಿಯ ಪೊಟ್ಟಣ ಕೊಟ್ಟರು. 100 ಎಂದರೆ ಸೂಜಿಯ ದಪ್ಪ ಒಂದು ಮಿಲಿಮೀಟರ್. ಅದಕ್ಕೂ ದಪ್ಪದ್ದು 110/18. ತೆಳ್ಳಗಿನ ಸೂಜಿಯ ಸಣ್ಣ ಕಣ್ಣಿನಲ್ಲಿ ದಪ್ಪ ದಾರ ಉಜ್ಜಿ ಉಜ್ಜಿ ಎಳೆಎಳೆಯಾಗಿ ಹರಿದುಹೋಗುವುದರಿಂದ ಇಲ್ಲಿ ಜಿಪುಣತನ ಸಲ್ಲದು. ದಪ್ಪ ದಾರ ಮೇಲೆ ಮಾತ್ರ ಸಾಕು. ಅಡಿಯ ದಾರ ಸುತ್ತಿಡುವ ಬಾಬಿನ್ನಿನಲ್ಲಿ ಮಾಮೂಲು ದಾರವಿದ್ದರೆ ಯಂತ್ರಕ್ಕೂ ಉಸಿರಾಡಲು ಜಾಗವಿರುತ್ತದೆ.

ಸಹಾಯ ಮಾಡುವ ಉತ್ಸಾಹದಲ್ಲಿ ದಾರ ಪೋಣಿಸಿದವನು ಹುಡುಗನೇ. ಪ್ರೆಸರ್ ಫೂಟ್, ಅಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಮಷಿನ್ನಿನ ಪಾದವನ್ನು, ಕೆಳಗಿಳಿಸಿಯೇ ಪೋಣಿಸಿದ್ದ. ಅದು ಕೆಳಗಿದ್ದಾಗ ದಾರವನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ದಾರ ಅವುಗಳ ನಡುವೆ ಕೂರದೆ ಹೊರಗೇ ಉಳಿಯುತ್ತದೆ. ಮೇಲಿನಿಂದ ನೋಡಿದರೆ ಎಲ್ಲವೂ ಸರಿ. ಬಟ್ಟೆ ತಿರುಗಿಸಿದಾಗ ಅಡಿಯಲ್ಲಿ ಕಿತ್ತಳೆ ದಾರದ ದೊಡ್ಡ ಗೋಜಲು. ಅದರ ಮೇಲೆ ಅವನು ಮೊದಲು ದೂರಿದ್ದು ಬಾಬಿನ್ನನ್ನು. ಅಡಿಯಲ್ಲಿ ಗೋಜಲಾದರೆ ತಪ್ಪು ಮೇಲಿನ ದಾರದ್ದಾಗಿರುತ್ತದೆಂದು ಪಾಪದ ಬಾಬಿನ್ ಪರವಾಗಿ ನಾನು ವಾದಿಸಬೇಕಾಯಿತು.

ಮತ್ತೆ ಪೋಣಿಸಿ, ಹೊಲಿಗೆಯ ಉದ್ದವನ್ನು ನಾಲ್ಕು ಮಿಲಿಮೀಟರಿಗೆ ಇಟ್ಟ ಮೇಲೆ ಸಮತಟ್ಟಾದ ಜಾಗದಲ್ಲಿ ಹೊಲಿಗೆ ಎಷ್ಟು ಚೆನ್ನಾಗಿ ಸಾಗಿತೆಂದರೆ, ಇಷ್ಟು ಸಲೀಸಾದದ್ದಕ್ಕೆ ಜನ ಯಾಕೆ ಹೆದರುತ್ತಾರೆ ಎಂಬ ಉದ್ಧಟ ಪ್ರಶ್ನೆಯೂ ಮನಸ್ಸಿನಲ್ಲಿ ಹಾದುಹೋಯಿತು. ಅಷ್ಟರಲ್ಲಿ ಒಳತೊಡೆಯ ಜಾಯಿಂಟು ಎದುರಾಯಿತು. ಜೀನ್ಸಿನ ಈ ಜಾಯಿಂಟಿನಲ್ಲಿ ಎರಡೂ ಅಂಚುಗಳು ಒಂದರೊಳಗೊಂದು ಮಡಿಸಿಕೊಂಡಿರುವುದರಿಂದ ಅಲ್ಲೇ ನಾಲ್ಕು ಪದರಗಳಿರುತ್ತವೆ. ಕೆಳಗಿನ ಅಂಚನ್ನು ಎರಡು ಬಾರಿ ಮಡಿಸಿದಾಗ ಆ ನಾಲ್ಕು, ಮೂರರಷ್ಟಾಗಿ ಹನ್ನೆರಡಾಗುತ್ತವೆ. ಚದರ ಗಜಕ್ಕೆ 14 ಔನ್ಸ್ ತೂಗುವ ಡೆನಿಮ್ಮಿನ ಹನ್ನೆರಡು ಪದರಗಳೆಂದರೆ ರವಿಕೆಯ ಮಷಿನ್ನಿಗೆ ಅದು ಬಟ್ಟೆಯೇ ಅಲ್ಲ. ಆಗುಂಬೆ ಘಾಟಿ ಹತ್ತುವ ತುಂಬಿದ ಬಸ್ಸಿನಂತೆ ಅದು ನರಳಿ, ನಡುಗಿ, ಅಲ್ಲೇ ನಿಂತಿತು. ಪಾದದ ಮೂತಿ ದಿಬ್ಬದ ಮೇಲೇರಿ ಹಿಮ್ಮಡಿ ಕೆಳಗೇ ಉಳಿದಾಗ ಬಟ್ಟೆಯನ್ನು ಮುಂದೆ ಸರಿಸುವ ಅಡಿಯ ಹಲ್ಲುಗಳಿಗೆ ಅದು ಸರಿಯಾಗಿ ಸಿಗುವುದಿಲ್ಲ. ಹೀಗಾಗಿ ನಾಲ್ಕು ಮಿಲಿಮೀಟರಿನ ಹೊಲಿಗೆಗಳು ಒಂದರ ಮೇಲೊಂದು ಬಿದ್ದು ಗಂಟಾಗುತ್ತವೆ. ಬಲವಂತ ಮಾಡಿದರೆ ಸೂಜಿ ಬಾಗಿ, ಕೆಳಗಿನ ತಗಡಿಗೆ ಬಡಿದು, ಟಣ್ ಎಂದು ಮುರಿಯುತ್ತದೆ. ಮುರಿಯಿತು. ತುದಿ ಸಿಕ್ಕಿದ್ದು ಪಕ್ಕದ ಕೋಣೆಯಲ್ಲಿ.

ಬಿಚ್ಚಿ ಮತ್ತೆ ಹೊಲಿದರಾಯಿತು ಎನ್ನುವವರು ಡೆನಿಮ್ ಬಿಚ್ಚಿದವರಲ್ಲ. ನೀಲಿ ಬಣ್ಣ ಇಲ್ಲಿ ನೂಲಿನ ಹೊರಮೈಗೆ ಮಾತ್ರ ಹತ್ತಿರುತ್ತದೆ, ಒಳಗಿನ ತಿರುಳು ಬೆಳ್ಳಗೇ ಇರುತ್ತದೆ. ಹೊಲಿಗೆ ಕಿತ್ತ ಪ್ರತಿಯೊಂದು ಜಾಗದಲ್ಲೂ ಒಂದು ಬಿಳಿ ಚುಕ್ಕೆ ಇಣುಕಿ ನೋಡುತ್ತದೆ. ಕಾರ್ಖಾನೆಯ ಭಾಗ್ಯವೇ ಬೇರೆ. ಯೂನಿಯನ್ ಸ್ಪೆಷಲ್ 43200ಜಿ ಎಂಬ ಹಳೆಯ ಮಾದರಿಯ ಯಂತ್ರದಲ್ಲಿ ಸರಪಳಿ ಹೊಲಿಗೆ ಹಾಕಿದಾಗ ಅಂಚು ಓರೆಯಾಗಿ ಎಳೆದುಕೊಂಡು, ಒಗೆದಂತೆಲ್ಲ ಹಗ್ಗದ ಹುರಿಯ ಹಾಗೆ ಕಾಣತೊಡಗುತ್ತದೆ. ಜೀನ್ಸ್ ಪ್ರಿಯರು ಆ ಸೊಟ್ಟತನವನ್ನೇ ಮೆಚ್ಚಿ ಹುಡುಕಿಕೊಂಡು ಹೋಗುತ್ತಾರೆ. ನನ್ನ ಸೊಟ್ಟತನಕ್ಕೆ ಈವರೆಗೆ ಗಿರಾಕಿ ಬಂದಿಲ್ಲ.

ದಿಬ್ಬವನ್ನು ಮೊದಲು ಬಡಿದು ಚಪ್ಪಟೆ ಮಾಡಬೇಕೆಂಬುದು ಬಲ್ಲವರ ಮಾತು. ಸುತ್ತಿಗೆ ಸಿಗದ್ದರಿಂದ ಅತ್ತೆಯವರ ಅಡಿಕೆ ಕುಟ್ಟಾಣಿಯ ಗುಂಡನ್ನು ತಂದು, ಬಾಗಿಲ ಹೊಸ್ತಿಲ ಕಲ್ಲಿನ ಮೇಲೆ ಪ್ಯಾಂಟಿನ ಕಾಲನ್ನಿಟ್ಟು ಕುಟ್ಟತೊಡಗಿದೆ. ಪಕ್ಕದ ಮನೆಯವರು ಹೊರಬಂದು ನೋಡಿ, ಏನೂ ಕೇಳದೆ ಒಳಗೆ ಹೋದರು. ಅತ್ತೆಯವರು ಮಾತ್ರ, "ಕುಟ್ಟಮ್ಮ, ಕುಟ್ಟು. ನಾಳೆ ನನ್ನ ಅಡಿಕೆಯನ್ನು ಆ ಮಷಿನ್ನಿಗೇ ಹಾಕಿ ಹೊಲಿದುಕೊಡು" ಎಂದರು. ಹೇಳಬೇಕೆಂದರೆ ಕುಟ್ಟಿದ್ದು ನಿಜವಾಗಿಯೂ ಫಲ ಕೊಟ್ಟಿತು, ಅಂಚಿನಲ್ಲಿ ಸುಣ್ಣದ ಒಂದು ಕಲೆ ಉಳಿದದ್ದನ್ನು ಬಿಟ್ಟರೆ.

ಇನ್ನೊಂದು ಉಪಾಯವೆಂದರೆ, ದಿಬ್ಬ ಹತ್ತುವಾಗ ಪಾದದ ಹಿಮ್ಮಡಿಯ ಕೆಳಗೂ, ಇಳಿಯುವಾಗ ಮೂತಿಯ ಕೆಳಗೂ ದಪ್ಪ ರಟ್ಟನ್ನು ಮಡಿಸಿ ಕೊಟ್ಟು ಪಾದವನ್ನು ಸಮವಾಗಿಡುವುದು. ರಟ್ಟಿಗಾಗಿ ಮನೆಯೆಲ್ಲ ಹುಡುಕಬೇಕಾಗಲಿಲ್ಲ, ಲಗ್ನಪತ್ರಿಕೆಗಳಿಗಿಂತ ಒಳ್ಳೆಯ ರಟ್ಟು ನಮ್ಮ ನಾಡಿನಲ್ಲಿಲ್ಲ. ಬೀಗರ ಅಂತಸ್ತು ಏರಿದಂತೆ ಪತ್ರಿಕೆಯ ದಪ್ಪವೂ ಏರುತ್ತದೆ. ಮೂಲೆಗೆ ಹಚ್ಚಿದ ಅರಿಶಿನ ಒಣಗಿ ಇನ್ನಷ್ಟು ಬಿಗಿ ಬರುತ್ತದೆ. ಟಿ.ವಿ. ಮೇಲಿದ್ದ ಒಂದು ಭರ್ಜರಿ ಪತ್ರಿಕೆಯನ್ನು ಮಡಿಸಿಟ್ಟು, ಪೆಡಲ್ ಬಿಟ್ಟು, ಚಕ್ರವನ್ನು ಕೈಯಿಂದಲೇ ಒಂದೊಂದು ಹೊಲಿಗೆಯಾಗಿ ತಿರುಗಿಸಿದೆ. ಎಡಗಾಲು ದಾಟಿತು, ಬಲಗಾಲಂತೂ ಹುಡುಗನೇ ಮೆಚ್ಚುವಷ್ಟು ನೇರವಾಗಿ ದಾಟಿತು. ಇಳಿಜಾರಿನಲ್ಲಿ ಪಾದದ ಮೂತಿಯ ಕೆಳಗಿದ್ದ ಪತ್ರಿಕೆಯ ಅಂಚನ್ನೂ ಸೂಜಿ ಜೊತೆಗೇ ಹೊಲಿದುಕೊಂಡು ಹೋಗಿತ್ತು, ಅದನ್ನು ಎಳೆದು ಹರಿದೆ. ಒಂದು ಚೂರು ದಾರದಡಿಯಲ್ಲೇ ಉಳಿಯಿತು. ಒಗೆತಕ್ಕೆ ಹಾಕಿದಾಗ ಹೋಗುತ್ತದೆಂದು ಬಿಟ್ಟೆ.

ಆ ಮದುವೆ ಇನ್ನೂ ಆಗಿಲ್ಲವೆಂಬುದು ಗೊತ್ತಾದದ್ದು ಭಾನುವಾರ ಬೆಳಿಗ್ಗೆ, ಅತ್ತೆಯವರು ರೇಷ್ಮೆ ಸೀರೆ ಉಟ್ಟು ಛತ್ರದ ಹೆಸರು ಕೇಳಿದಾಗ. ಪತ್ರಿಕೆಯಲ್ಲಿ ಆ ಜಾಗ ಹರಿದಿತ್ತು. ಹುಡುಗನನ್ನು ಜೀನ್ಸ್ ಸಮೇತ ಕುರ್ಚಿಯ ಮೇಲೆ ನಿಲ್ಲಿಸಿ, ಅತ್ತೆಯವರು ಕನ್ನಡಕ ಹಾಕಿಕೊಂಡು ಬಲಗಾಲಿನ ಅಂಚನ್ನು ಓದಿದರು. ಛತ್ರದ ಹೆಸರು ಸಿಕ್ಕಿತು. ಲಗ್ನ ಅಭಿಜಿನ್ನೋ ಗೋಧೂಳಿಯೋ ಎಂಬಲ್ಲಿ ಮಾತ್ರ ಸೂಜಿ ತೂತು ಮಾಡಿತ್ತು. ಯಾವುದಕ್ಕೂ ಬೆಳಗಿನ ತಿಂಡಿಯ ಹೊತ್ತಿಗೇ ಹೋಗಿಬಿಡುವುದು ಕ್ಷೇಮವೆಂದು ಅತ್ತೆಯವರು ತೀರ್ಮಾನಿಸಿದರು.