ಸತ್ಯಾಂಶ: ಮನೆ ಬೆಲೆ ದುಪ್ಪಟ್ಟಾದರೆ ತೆರಿಗೆಯೂ ದುಪ್ಪಟ್ಟಾಗುತ್ತಾ?

ಮನೆಯ ಬೆಲೆ ಎಷ್ಟು ಏರುತ್ತೋ ಆಸ್ತಿ ತೆರಿಗೆಯೂ ಅಷ್ಟೇ ಏರುತ್ತೆ ಅನ್ನೋ ಮೆಸೇಜು ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಓದಿದವರಿಗೆ ಗಾಬರಿಯಾಗೋದು ಸಹಜ. ಆದರೆ ಅದರಲ್ಲಿ ಅರ್ಧ ಲೆಕ್ಕವಷ್ಟೇ ಇದೆ.

ತೆರಿಗೆಗೆ ಎರಡು ಅಂಕಿ ಬೇಕು: ಆಸ್ತಿಗೆ ಕಟ್ಟಿದ ಮೌಲ್ಯ ಮತ್ತು ದರ. ಮೆಸೇಜು ದರದ ಸುದ್ದಿಯನ್ನೇ ಎತ್ತುವುದಿಲ್ಲ. ಹಲವು ಕಡೆ ಸ್ಥಳೀಯ ಸಂಸ್ಥೆ ಮೊದಲು ಆ ವರ್ಷ ಒಟ್ಟು ಎಷ್ಟು ಹಣ ಬೇಕು ಅಂತ ತೀರ್ಮಾನಿಸುತ್ತದೆ. ಆಮೇಲೆ ಅದನ್ನು ಎಲ್ಲ ಆಸ್ತಿಗಳ ಮೇಲೆ ಹಂಚುತ್ತದೆ. ಊರಿನ ಆಸ್ತಿಗಳ ಒಟ್ಟು ಮೌಲ್ಯ 100, ಬೇಕಾದ ಹಣ 2 ಅಂದುಕೊಳ್ಳಿ. ದರ ಶೇ. 2 ಆಯಿತು. ಎಲ್ಲರ ಮನೆ ಬೆಲೆಯೂ ದುಪ್ಪಟ್ಟಾಗಿ ಮೌಲ್ಯ 200ಕ್ಕೆ ಏರಿತು, ಖರ್ಚು ಮಾತ್ರ ಅಷ್ಟೇ ಇದೆ. ಆಗ ಶೇ. 1 ದರ ಸಾಕು. ಬಿಲ್ ಬದಲಾಗಲ್ಲ!

ನಿಮ್ಮ ಮನೆಯ ಮೌಲ್ಯ ಉಳಿದವರದ್ದಕ್ಕಿಂತ ಜಾಸ್ತಿ ಏರಿದರೆ ನಿಮ್ಮ ಪಾಲು ಹೆಚ್ಚುತ್ತದೆ, ಅದು ನಿಜ. ಊರಿನ ಖರ್ಚು ಏರಿದರೆ ಎಲ್ಲರಿಗೂ ಏರುತ್ತದೆ. ದರ ಬದಲಾಗದ ಊರುಗಳಲ್ಲಿ ಮೌಲ್ಯದ ಜೊತೆ ತೆರಿಗೆಯೂ ಏರಬಹುದು. ಇನ್ನು ಕೆಲವು ಕಡೆ ಮಾರುಕಟ್ಟೆ ಬೆಲೆಯನ್ನು ನೋಡುವುದೇ ಇಲ್ಲ; ಕಟ್ಟಡದ ಅಳತೆ, ವಯಸ್ಸು, ಬಳಕೆ ನೋಡುತ್ತಾರೆ. ಹಾಗಾಗಿ ಮೆಸೇಜು ಯಾವ ಊರಿನದು ಅನ್ನೋದೇ ಮೊದಲ ಪ್ರಶ್ನೆ, ಅಲ್ವಾ?

ಪರೀಕ್ಷಿಸೋದು ಕಷ್ಟವಲ್ಲ. ಹೋದ ವರ್ಷದ ಬಿಲ್ಲು, ಈ ವರ್ಷದ ಬಿಲ್ಲು ಪಕ್ಕಪಕ್ಕ ಇಡಿ. ಮೌಲ್ಯ, ದರ, ರಿಯಾಯಿತಿ ಈ ಮೂರರಲ್ಲಿ ಯಾವುದು ಬದಲಾಗಿದೆ ನೋಡಿ. ಅಳತೆಯೋ ಮೌಲ್ಯವೋ ತಪ್ಪಾಗಿದ್ದರೆ ಆಕ್ಷೇಪಣೆ ಸಲ್ಲಿಸಬಹುದು. ಅದಕ್ಕೆ ಸಾಮಾನ್ಯವಾಗಿ ಕೊನೆಯ ದಿನಾಂಕ ಇರುತ್ತದೆ, ನೋಟಿಸಿನಲ್ಲೇ ಹುಡುಕಿ.