ಕೆಂಪು ಪಾಂಡಾ ಮುದ್ದಾಗಿದೆ, ಸರಿ. ಆಮೇಲೆ?

ಬೆಳಗ್ಗೆಯಿಂದ ನಮ್ಮ ತೋಟದವರ ವಾಟ್ಸಾಪ್ ಗುಂಪಿನಲ್ಲಿ ಒಂದೇ ವಿಡಿಯೋ ಸುತ್ತುತ್ತಿದೆ. ಕೆಂಪು ಪಾಂಡಾ ಹಿಂಗಾಲಲ್ಲಿ ಎದ್ದು ನಿಂತು ಎರಡೂ ಕೈ ಮೇಲೆತ್ತುತ್ತದೆ. ಎಲ್ಲರೂ ಹೃದಯ ಒತ್ತಿದ್ದೇ ಒತ್ತಿದ್ದು. ಅದು ಹಾಗೆ ನಿಲ್ಲೋದು ಹೆದರಿದಾಗ ಮಾರಾಯ್ರೆ, ಡ್ಯಾನ್ಸ್ ಅಲ್ಲ! (ನಾನೂ ಮತ್ತೆ ಮತ್ತೆ ನೋಡಿದೆ, ಆ ಮಾತು ಬೇರೆ.)

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಸುಮ್ನಿರ್ತಿದ್ದೆ. ನಮ್ಮ ಮಾವ ಒಬ್ಬರು, "ಪಾಪ, ಆ ಚೀನಾದವರು ಕೊಂದೂ ಕೊಂದೂ ಮುಗಿಸ್ತಿದಾರೆ" ಅಂತ ಬರೆದರು. ಅಲ್ಲಿಗೆ ಎಲ್ಲರ ಕೈ ತೊಳೆದಾಯ್ತು.

ಮಾವ, ಅದು ನಮ್ಮ ಸಿಕ್ಕಿಂನ ರಾಜ್ಯ ಪ್ರಾಣಿ. ಡಾರ್ಜಿಲಿಂಗ್ ಬೆಟ್ಟದಲ್ಲಿದೆ, ಅರುಣಾಚಲದಲ್ಲಿದೆ, ನೇಪಾಳ, ಭೂತಾನ್, ಮ್ಯಾನ್ಮಾರ್‌ನಲ್ಲೂ ಇದೆ. ಎಲ್ಲ ಸೇರಿಸಿದರೂ ಬೆಳೆದ ಪ್ರಾಣಿಗಳು 10,000ಕ್ಕಿಂತ ಕಡಿಮೆ ಅನ್ನುವ ಅಂದಾಜು. ಮೂರು ತಲೆಮಾರಿನಲ್ಲಿ, ಅಂದರೆ ಸುಮಾರು 18 ವರ್ಷದಲ್ಲಿ, ಅರ್ಧದಷ್ಟು ಹೋಗಿವೆ ಅಂತ ಲೆಕ್ಕ ಹಾಕಿ 2015ರಲ್ಲಿ ಐಯುಸಿಎನ್ (ಯಾವ ಪ್ರಾಣಿ ಎಷ್ಟು ಅಪಾಯದಲ್ಲಿದೆ ಅಂತ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಚರ್ಮಕ್ಕೆ, ಬಾಲಕ್ಕೆ ಬೇಟೆ ಆಡುತ್ತಾರೆ, ಇಲ್ಲ ಅನ್ನಲ್ಲ. ಆದರೆ ಕಸ್ತೂರಿ ಮೃಗಕ್ಕೋ ಕಾಡುಹಂದಿಗೋ ಹಾಕಿದ ಉರುಳಿಗೆ ಸುಮ್ನೆ ಹೋಗಿ ಬೀಳುತ್ತದಲ್ಲ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಉರುಳು ಅಂದರೇನು ಅಂತ ಕೊಡಗಿನವರಿಗೆ ನಾನು ಹೇಳಬೇಕಾ? ಹೊಳೆ ಬದಿಯ ಬೇಲಿ ಸಂದಿಯಲ್ಲಿ, ಬೈಕಿನ ಹಳೇ ಕ್ಲಚ್ ವಯರ್, ಒಂದು ಗೂಟಕ್ಕೆ ಬಿಗಿದಿರುತ್ತದೆ. ಹಂದಿಗೆ ಅಂತ ಇಡುತ್ತಾರೆ, ಕಾಡುಕುರಿ ಬೀಳುತ್ತದೆ, ಹುಲಿಯೂ ಬಿದ್ದಿದೆ. ವಯರ್‌ಗೆ ಯಾವ ಪ್ರಾಣಿ ಅಂತ ಗೊತ್ತಾ?

ಇನ್ನು ಊಟ. ಕಕ್ಕಡ ತಿಂಗಳ ಮಳೆಯಲ್ಲಿ ನಾವು ನಾಲ್ಕು ದಿನ ಕಣಿಲೆ, ಅಂದರೆ ಎಳೆ ಬಿದಿರಿನ ಪಲ್ಯ ತಿಂದು ಮುಗಿಸುತ್ತೇವೆ. ಪಾಂಡಾಕ್ಕೆ ವರ್ಷಪೂರ್ತಿ ಬಿದಿರೆಲೆಯೇ ಮುಖ್ಯ ಊಟ. ಬಿದಿರು ಹೂ ಬಿಟ್ಟರೆ ಇಡೀ ಮೆಳೆಯೇ ಒಣಗಿ ಸಾಯುತ್ತದೆ, ನಾಗರಹೊಳೆ ಕಡೆ ನೋಡಿದ್ದೀರಲ್ಲ. ಮೊದಲಾದರೆ ಪಾಂಡಾ ಪಕ್ಕದ ಗುಡ್ಡಕ್ಕೆ ಹೋಗುತ್ತಿತ್ತು. ಈಗ ನಡುವೆ ರಸ್ತೆ, ಊರು, ದನ ಮೇಯುವ ಬಯಲು. ಮರಿ ಹಾಕುವ ಪೊಟರೆ ಇರುವ ಹಳೇ ಮರವೂ ಸೌದೆಗೆ ಹೋಗಿರುತ್ತದೆ.

ನನಗೆ ಸಿಟ್ಟು ಬರೋದು ಮಾತ್ರ ನಾಯಿ ವಿಷಯಕ್ಕೆ. ಅಲ್ಲಿ ದನಗಾಹಿಗಳ ಜೊತೆ ಬರುವ ನಾಯಿಗಳು ಪಾಂಡಾವನ್ನು ಅಟ್ಟಿ ಕೊಲ್ಲುತ್ತವೆ. ಜೊತೆಗೆ ಡಿಸ್ಟೆಂಪರ್ ರೋಗ ಬೇರೆ ಅಂಟಿಸುತ್ತವೆ, ಅದು ತಗುಲಿದ ಪಾಂಡಾ ಉಳಿಯೋದು ಕಷ್ಟ. ನಮ್ಮಲ್ಲೇನು ಕಮ್ಮಿನಾ? ಹೋಂಸ್ಟೇಗೆ ಚೆಂದ ಕಾಣಲಿ ಅಂತ ತಂದ ನಾಯಿ, ತೋಟ ಕಾಯಲಿ ಅಂತ ಬಿಟ್ಟ ನಾಯಿ, ರಾತ್ರಿಯಾದರೆ ಎಲ್ಲವೂ ಕಾಡಿಗೆ. ಅರ್ಧಕ್ಕರ್ಧ ಜನ ಚುಚ್ಚುಮದ್ದೇ ಹಾಕಿಸಿಲ್ಲ. ಕೇಳಿದರೆ "ಅದು ನಾಯಿ ಕಣೋ, ಓಡಾಡ್ಲಿ ಬಿಡು."

ಮೃಗಾಲಯದಲ್ಲಿ ಮರಿ ಮಾಡಿಸಿ ಬಿಡ್ತಾರಲ್ಲ ಅಂತ ಒಬ್ಬ ಅಣ್ಣ ಕೇಳಿದ. ಹೌದಣ್ಣ, ಡಾರ್ಜಿಲಿಂಗ್ ಮೃಗಾಲಯದವರು 2003ರಲ್ಲೇ ಎರಡು ಹೆಣ್ಣನ್ನು ಸಿಂಗಾಲಿಲಾ ಕಾಡಿಗೆ ಬಿಟ್ಟಿದ್ದರು. ಒಳ್ಳೇ ಕೆಲಸ. ಆದರೆ ಬಿಟ್ಟ ಕಾಡಿನಲ್ಲಿ ಅದೇ ಉರುಳು, ಅದೇ ನಾಯಿ ಇದ್ದರೆ ಬಿಟ್ಟು ಏನು ಬಂತು?

ಜಗಳಕ್ಕೆ ಬರುವವರು ಧಾರಾಳವಾಗಿ ಬನ್ನಿ, ಕಾಫಿ ಕೊಡ್ತೇನೆ. ನಾಯಿ ಕಟ್ಟಿ ಬನ್ನಿ, ಅಷ್ಟೇ.