'ದಿ ಬ್ರಿಡ್ಜ್' ಸೇತುವೆ ಮೇಲೆ ರೆಕಾರ್ಡ್ ಆಗಿದ್ದಲ್ಲ

ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಸನ್ನಿ ರಾಲಿನ್ಸ್ ತನ್ನ 'ದಿ ಬ್ರಿಡ್ಜ್' ಆಲ್ಬಮ್ಮನ್ನ ಬ್ರೂಕ್ಲಿನ್ ಬ್ರಿಡ್ಜ್ ಮೇಲೆ ನಿಂತ್ಕೊಂಡೇ ರೆಕಾರ್ಡ್ ಮಾಡಿದ್ದು ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ಕೇಳೋಕೆ ಸಕತ್ತಾಗಿದೆ, ಆದ್ರೆ ಸುಳ್ಳು. ಅದು ಪಕ್ಕಾ ಸ್ಟುಡಿಯೋ ಆಲ್ಬಮ್, 1962ರಲ್ಲಿ ನ್ಯೂಯಾರ್ಕಿನ ಆರ್‌ಸಿಎ ವಿಕ್ಟರ್ ಸ್ಟುಡಿಯೋದಲ್ಲಿ ಆಗಿದ್ದು.

ಸೇತುವೆ ಕಥೆ ಪೂರ್ತಿ ಬೊಗಳೆ ಅಂತೇನೂ ಅಲ್ಲ. 1959ರಲ್ಲಿ ಒಳ್ಳೆ ಹೆಸರು ಇದ್ದಾಗ್ಲೇ ಪುಣ್ಯಾತ್ಮ ತನ್ನ ನುಡಿಸಾಣಿಕೆ ತನಗೇ ಸಾಲ್ದು ಅಂತ ಕಚೇರಿ, ರೆಕಾರ್ಡಿಂಗ್ ಎಲ್ಲಾ ಬಿಟ್ಟು ಕೂತ, ಮನೇಲಿ ಸ್ಯಾಕ್ಸ್ ಊದಿದ್ರೆ ಅಕ್ಕಪಕ್ಕದವ್ರಿಗೆ ತೊಂದ್ರೆ, ಅದ್ರಲ್ಲೂ ಪಕ್ಕದ ಮನೇಲಿ ಒಬ್ಬ ಬಸುರಿ ಹೆಂಗಸು ಬೇರೆ, ಅದಕ್ಕೆ ಹತ್ರ ಇದ್ದ ವಿಲಿಯಮ್ಸ್‌ಬರ್ಗ್ ಬ್ರಿಡ್ಜ್ ಹತ್ತಿ ಗಂಟೆಗಟ್ಲೆ ಪ್ರಾಕ್ಟೀಸ್ ಮಾಡ್ತಿದ್ದ, ಕೆಳಗೆ ದೋಣಿ, ಪಕ್ಕದಲ್ಲಿ ರೈಲು, ಎಷ್ಟು ಜೋರಾಗಿ ಊದಿದ್ರೂ ಕೇಳೋರಿಲ್ಲ. ಬ್ರೂಕ್ಲಿನ್ ಬ್ರಿಡ್ಜ್ ಅಲ್ಲ, ಗಮನಿಸಿ. ಆ ಫಾರ್ವರ್ಡಲ್ಲಿ ಫೋಟೋನೂ ಅದರದ್ದೇ ಹಾಕಿದಾರೆ!

1961ರ ಕೊನೇಲಿ ವಾಪಸ್ ಬಂದ್ಮೇಲೆ ಮಾಡಿದ ಮೊದಲ ಆಲ್ಬಮ್ ಇದು, ಹೆಸರು ಆ ಸೇತುವೆ ಪ್ರಾಕ್ಟೀಸಿಂದ ಬಂತು ಅಷ್ಟೇ. ಜೊತೆಗೆ ಬಾಬ್ ಕ್ರಾನ್‌ಶಾ ಬೇಸ್, ಡ್ರಮ್ಸ್ ಹೆಚ್ಚಾಗಿ ಬೆನ್ ರೈಲಿ, ಪಿಯಾನೋ ಇಲ್ವೇ ಇಲ್ಲ, ಆ ಜಾಗದಲ್ಲಿ ಜಿಮ್ ಹಾಲ್ ಗಿಟಾರ್. ನನ್ ಕೇಳಿದ್ರೆ ಮಾತಾಡ್ಬೇಕಾಗಿರೋದು ಆ ಗಿಟಾರ್ ಬಗ್ಗೆ. ಹೆಡ್‌ಫೋನ್ ಹಾಕಿ ಕೇಳಿ, ಗಾಳಿ ಸದ್ದೂ ಇಲ್ಲ, ರೈಲಿನ ಸದ್ದೂ ಇಲ್ಲ.